‘ಇನ್ನು ಮನೆಗೆ ಕರ್ಕೊಂಡು ಹೋಗಿ’ ಅಂದ ಮೇಲಿನ ದಿನಗಳು: ಅಪ್ಪನ ಲೆಕ್ಕದ ಪುಸ್ತಕ, ನನ್ನ ಈಗಿನ ಕೆಲಸ

ಮಂಡಿಪೇಟೆ ಮಗಳು, ದಾವಣಗೆರೆ

ಹೋದ ವಾರ ಬೇರೆ ಚರ್ಚೆಯಲ್ಲಿ ಒಬ್ಬರು, “ಸೀರೆ ಅಂಗಡಿ ಬಿಲ್ಲಿಂಗ್ ಕೆಲಸ ಬಿಟ್ಟು ಕಾಯಿಲೆಯವರ ಮನೆ ಮನೆ ಸುತ್ತೋ ಕೆಲಸ ಯಾಕೆ ಹಿಡಿದ್ರಿ ಅಕ್ಕಾ” ಅಂತ ಕೇಳಿದ್ರು. ಎರಡು ಸಾಲಿನಲ್ಲಿ ಹೇಳೋಕೆ ಆಗ್ಲಿಲ್ಲ. ಇವತ್ತು ಭಾನುವಾರ, ಕೂತು ಬರೀತಿದೀನಿ.

ನಮ್ಮಪ್ಪ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. 31 ವರ್ಷ. ಮೆಕ್ಕೆಜೋಳ ಎಷ್ಟು ಚೀಲ ಬಂತು, ಯಾವ ರೈತನಿಗೆ ಎಷ್ಟು ಬಾಕಿ, ಹಮಾಲಿ ಎಷ್ಟು, ಎಲ್ಲ ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲಿ ಅವರ ಕೈಬರಹ. ಬಾಯಲ್ಲಿ ಸದಾ ಎಲೆ ಅಡಿಕೆ, ಹೊಗೆಸೊಪ್ಪು. 2014ರಲ್ಲಿ ಎಡಗೆನ್ನೆಯ ಒಳಗೆ ಒಂದು ಹುಣ್ಣು. ಸಾರು ಖಾರ ಅಂತ ಅಮ್ಮನ ಮೇಲೆ ರೇಗೋರು. ಸಾರು ಮೊದಲಿನ ಹಾಗೇ ಇತ್ತು. ಆಮೇಲೆ ಬಾಯಿ ಪೂರ್ತಿ ತೆರೆಯೋದೇ ನಿಂತುಹೋಯ್ತು. ಬಾಯಿ ಕ್ಯಾನ್ಸರ್ ಅಂದ್ರು. ಬೆಂಗಳೂರಲ್ಲಿ ಆಪರೇಷನ್, ಆಮೇಲೆ ವಾರಗಟ್ಟಲೆ ಕರೆಂಟ್, ಅಂದ್ರೆ ರೇಡಿಯೇಷನ್, ಕೊಡಿಸಿದ್ವಿ. ರಾಣಿ ಚೆನ್ನಮ್ಮ ರೈಲಲ್ಲಿ ಎಷ್ಟು ರಾತ್ರಿ ಹೋಗಿ ಬಂದ್ವೋ ಲೆಕ್ಕ ಇಟ್ಟಿಲ್ಲ.

2016ರ ಬೇಸಿಗೆಯಲ್ಲಿ ಕತ್ತಿನಲ್ಲಿ ಮತ್ತೆ ಗಂಟು. ಆಗ ತೋರಿಸುತ್ತಿದ್ದ ಆಸ್ಪತ್ರೆಯಲ್ಲಿ ಡಾಕ್ಟರು ಫೈಲ್ ಮುಚ್ಚಿ, “ಇನ್ನು ಏನೂ ಮಾಡೋಕಾಗಲ್ಲಮ್ಮ, ಮನೆಗೆ ಕರ್ಕೊಂಡು ಹೋಗಿ. ಕೇಳಿದ್ದು ತಿನ್ನೋಕೆ ಕೊಡಿ” ಅಂದ್ರು. ಅಪ್ಪ ಆಗ ಮೂಗಿನ ನಳಿಗೆಯಲ್ಲಿ ಗಂಜಿ ಕುಡೀತಿದ್ರು.

ಮಾತು ಹೋದ ಮೇಲೆ ಅಪ್ಪ ಒಂದು ಖಾಲಿ ಲೆಕ್ಕದ ಪುಸ್ತಕದಲ್ಲಿ ಬರೆದು ತೋರಿಸೋರು. ‘ನೀರು.’ ‘ಫ್ಯಾನ್.’ ‘ಅಮ್ಮ ಉಂಡಳಾ.’ ಒಂದು ದಿನ ‘ಇನ್ನೆಷ್ಟು ದಿನ?’ ಅಂತ ಬರೆದ್ರು. ನಾನು, “ಏನಪ್ಪಾ ಹಂಗಂತೀರಿ, ಹುಷಾರಾಗ್ತೀರಿ” ಅಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ್ರು. ಆಮೇಲೆ ಆ ಸಾಲಿನ ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದ್ರು. ದಿನದ ಲೆಕ್ಕ ಮುಗಿಸಿದಾಗ ಎಳೆಯೋ ಗೆರೆ ಅದು. ಅವತ್ತಿನಿಂದ ಆ ಪ್ರಶ್ನೆಯನ್ನ ನನಗೆ ಕೇಳಲೇ ಇಲ್ಲ.

ಅದೇ ಪುಸ್ತಕದ ಕೊನೆಯ ಹಾಳೆಗಳನ್ನ ನಾನು ನೋಡಿದ್ದು ಅವರು ಹೋದ ಮೇಲೆ. ಎಡಗಡೆ ತಾರೀಖು, ಬಲಗಡೆ ವೇಳೆ. 12-40. 1-15. 1-50. 2-10. 3-25. ನೋವಿಗೆ ಎಚ್ಚರಾದಾಗಲೆಲ್ಲ ಗಡಿಯಾರ ನೋಡಿ ಬರೆದಿಟ್ಟಿದ್ರು. ಹೀಗೆ 42 ರಾತ್ರಿ. ನಾವು ಪಕ್ಕದ ಕೋಣೆಯಲ್ಲಿ ಮಲಗಿದ್ವಿ. ಒಂದು ಸಲವೂ ಎಬ್ಬಿಸಿರಲಿಲ್ಲ.

43ನೇ ದಿನ ಏನಾಯ್ತು ಅಂದ್ರೆ, ಅಮ್ಮನ ದೂರದ ಸಂಬಂಧಿ, ನರ್ಸ್ ಕೆಲಸ ಮಾಡೋ ಹುಡುಗಿ, ನೋಡೋಕೆ ಬಂದವಳು ಅಪ್ಪನ ಮುಷ್ಟಿ ನೋಡಿದಳು. ಮಂಚದ ಕಬ್ಬಿಣದ ಪಟ್ಟಿ ಹಿಡಿದು ಹಿಡಿದು ಅಂಗೈ ಕಪ್ಪಗಾಗಿತ್ತು. “ಇವರಿಗೆ ಮಾರ್ಫಿನ್ ಯಾರೂ ಬರೆದುಕೊಟ್ಟಿಲ್ವಾ?” ಅಂದಳು. ಜೋರು ನೋವು ಇಳಿಸೋ ಔಷಧಿಯಂತೆ. ಆ ಹೆಸರನ್ನೇ ನಾವು ಕೇಳಿರಲಿಲ್ಲ. ಅಣ್ಣ ಫೈಲ್ ತಗೊಂಡು ಬೆಂಗಳೂರಿಗೆ ಹೋಗಿ ನೋವು ನಿವಾರಣೆ ವಿಭಾಗದ ಡಾಕ್ಟರನ್ನ ಕಂಡು ಬಂದ. ಮಾತ್ರೆ ಪುಡಿ ಮಾಡಿ ನಳಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ, ಜೊತೆಗೆ ಮಲಬದ್ಧತೆ ಆಗದ ಹಾಗೆ ಒಂದು ಔಷಧಿ. ಮೊದಲೆರಡು ದಿನ ಮಂಪರು. ಮೂರನೇ ರಾತ್ರಿ ಅಪ್ಪ ಹತ್ತಕ್ಕೆ ಮಲಗಿ, ಮಧ್ಯೆ ಮಾತ್ರೆಗೆ ಮಾತ್ರ ಎಚ್ಚರಾಗಿ, ಬೆಳಿಗ್ಗೆ ಆರೂವರೆಗೆ ಎದ್ದರು. ಎದ್ದು ಬರೆದದ್ದು: ‘ಕಾಫಿ ವಾಸನೆ ಬರ್ತಿದೆ.’

ಅಲ್ಲಿಂದ ಮುಂದೆ ಪುಸ್ತಕದಲ್ಲಿ ರಾತ್ರಿಯ ವೇಳೆಗಳಿಲ್ಲ. ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ, ಅಮ್ಮನ ಬಳೆ ಯಾವ ಸೊಸೈಟಿಯಲ್ಲಿ ಅಡವಿದೆ ಅನ್ನೋದು ಇದೆ. ಒಂದು ಹಾಳೆಯ ನಡುವೆ, ‘ತಂಗೀನ ಕರೆಸು.’ ಜಗಳೂರು ಕಡೆ ಇರೋ ನಮ್ಮ ಸೋದರತ್ತೆ ಜೊತೆ ಹೊಲದ ಬದುವಿನ ವಿಷಯಕ್ಕೆ 11 ವರ್ಷದಿಂದ ಮಾತಿರಲಿಲ್ಲ. ಅತ್ತೆ ಬಂದರು. ಕೂತು ಅಪ್ಪನ ಅಂಗಾಲಿಗೆ ಹರಳೆಣ್ಣೆ ತಿಕ್ಕಿದರು. ಹೊಲದ ಮಾತು ಇಬ್ಬರೂ ಎತ್ತಲಿಲ್ಲ. ಮೂರು ದಿನ ಇದ್ದು ಹೋದರು. ಮಾತ್ರೆ ಶುರುವಾದ 16ನೇ ದಿನ ಬೆಳಗಿನ ಜಾವ ಅಪ್ಪ ಲಿಂಗೈಕ್ಯರಾದರು. ಅಣ್ಣ ಕೈ ಹಿಡ್ಕೊಂಡಿದ್ದ.

ಅಪ್ಪ ಹೋದದ್ದು ದುಃಖ. ಆ 42 ರಾತ್ರಿ ಮಾತ್ರ ದುಃಖ ಅಲ್ಲ, ಅನ್ಯಾಯ. ಆ ಮಾತ್ರೆ ಈ ದೇಶದಲ್ಲಿ ಇತ್ತು, ದುಬಾರಿಯೂ ಅಲ್ಲ, ನಮಗೆ ಹೇಳೋರು ಇರಲಿಲ್ಲ. ‘ಏನೂ ಮಾಡೋಕಾಗಲ್ಲ’ ಅಂದ ದಿನವೇ ಮಾಡೋ ಕೆಲಸ ಶುರು ಅಂತ ಹೇಳೋರು ಒಬ್ಬರು ಬೇಕಿತ್ತು. 2018ರಲ್ಲಿ ಅಂಗಡಿ ಬಿಟ್ಟೆ. ಕೇರಳದ ಕೋಳಿಕ್ಕೋಡ್‌ಗೆ ಹೋಗಿ ಉಪಶಮನ ಆರೈಕೆಯ, ಅಂದ್ರೆ ಗಂಭೀರ ಕಾಯಿಲೆಯವರ ನೋವು, ಸಂಕಟ ಇಳಿಸೋ ಆರೈಕೆಯ ತರಬೇತಿ ತಗೊಂಡೆ. ಈಗ ಒಬ್ಬ ನರ್ಸ್, ವಾರಕ್ಕೆ ಎರಡು ದಿನ ಬರೋ ಡಾಕ್ಟರು, ನಾನು, ಮೂರು ಜನ ಹರಿಹರ, ಜಗಳೂರು, ಹೊನ್ನಾಳಿ ಕಡೆ ಮನೆಗಳಿಗೆ ಹೋಗ್ತೀವಿ. ಉಳಿದ ದಿನ ನಾನು ಸ್ತ್ರೀಶಕ್ತಿ ಸಂಘ, ಆಶಾ ಕಾರ್ಯಕರ್ತೆಯರ ಸಭೆ, ಮಠದ ಕಾರ್ಯಕ್ರಮ, ಎಲ್ಲಿ ಹತ್ತು ನಿಮಿಷ ಮೈಕ್ ಕೊಡ್ತಾರೋ ಅಲ್ಲಿ ಈ ವಿಷಯ ಹೇಳ್ತೀನಿ.

ಪ್ರತಿ ಮನೆಗೂ ಒಂದು ನೋಟ್‌ಬುಕ್ ಕೊಡ್ತೀನಿ. ಎಡಗಡೆ ತಾರೀಖು, ಬಲಗಡೆ ವೇಳೆ.

ಕೋಟೆನಾಡಿನವ, ಚಿತ್ರದುರ್ಗ

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ ಅಕ್ಕ. ಆದರೆ ಒಂದು ಕೇಳ್ತೀನಿ. ನಮ್ಮ ಅಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಇತ್ತು. ಕೊನೆವರೆಗೂ ‘ಹೊಟ್ಟೆ ಹುಣ್ಣು’ ಅಂತಲೇ ಹೇಳಿದ್ವಿ. ಹೇಳಿದ್ರೆ ಆವತ್ತೇ ಎದೆ ಒಡೆದು ಹೋಗ್ತಿದ್ಲು. ನೀವು ರೋಗಿಗೆ ನಿಜ ಹೇಳಿ ಅಂತೀರಾ?

ಮಂಡಿಪೇಟೆ ಮಗಳು

ಅಣ್ಣ, ನಿಮ್ಮನ್ನ ತಪ್ಪು ಅನ್ನಲ್ಲ. ನಾನೂ ಅದನ್ನೇ ಮಾಡಿದವಳು. ಎಲ್ಲರಿಗೂ ಎಲ್ಲವನ್ನೂ ಒಂದೇ ಸಲ ಹೇಳಬೇಕು ಅಂತ ನಾವು ಯಾವತ್ತೂ ಹೇಳಲ್ಲ. ಮನೆಗೆ ಹೋದಾಗ ಮೊದಲು, “ನಿಮ್ಮ ಕಾಯಿಲೆ ಬಗ್ಗೆ ನಿಮಗೇನನ್ನಿಸ್ತಿದೆ?” ಅಂತ ಕೇಳ್ತೀವಿ. ಹತ್ತರಲ್ಲಿ ಏಳೆಂಟು ಜನ ಅವರಾಗೇ ಹೇಳ್ತಾರೆ, “ಇದು ವಾಸಿ ಆಗೋದಲ್ಲ ಬಿಡಮ್ಮ, ಮಕ್ಕಳಿಗೆ ಹೇಳ್ಬೇಡ, ಅವರು ತಡ್ಕೊಳಲ್ಲ.” ಹೊರಗೆ ಬಂದ್ರೆ ಮಕ್ಕಳು, “ಅಮ್ಮನಿಗೆ ಹೇಳ್ಬೇಡಿ ಮೇಡಂ” ಅಂತಾರೆ. ಗೋಡೆಯ ಎರಡೂ ಕಡೆ ಒಬ್ಬರನ್ನೊಬ್ಬರು ಕಾಯ್ತಾ ಒಬ್ಬೊಬ್ಬರೇ ಅಳ್ತಿರ್ತಾರೆ. ತಿಳ್ಕೊಳೋದು ಬೇಡ ಅನ್ನೋರೂ ಇದಾರೆ, ಅವರಿಗೆ ಬಲವಂತ ಮಾಡಲ್ಲ. ಕೇಳಿದವರಿಗೆ ಮಾತ್ರ ಸುಳ್ಳು ಹೇಳಬಾರದು.

ತೋಟದ ಮನೆ, ಚನ್ನಗಿರಿ

ತಪ್ಪು ತಿಳ್ಕಬ್ಯಾಡಿ. ಈ ಹಾಸ್ಪಿಸ್ ಅಂತ, ಕೊನೆ ಹಂತದ ಕಾಯಿಲೆಯೋರ್ನ ಇಟ್ಕಂಡು ನೋಡ್ಕಳೋ ಜಾಗ, ಬೆಂಗಳೂರಲ್ಲಿ ಐತಂತಲ್ಲ, ಅದು ವೃದ್ಧಾಶ್ರಮದ ಇನ್ನೊಂದು ಹೆಸರು ಅಷ್ಟೇ. ಹೆತ್ತೋರು ಸಾಯೋವಾಗ ಮನೇಲಿ ಇಟ್ಕಳದೆ ಅಲ್ಲಿ ಬಿಟ್ ಬರೋದು ನಮ್ ಸಂಸ್ಕಾರ ಅಲ್ಲ. ನಮ್ ತಾತ ಎರಡು ವರ್ಷ ಹಾಸಿಗೆ ಹಿಡಿದಿದ್ರು, ನಾವೇ ನೋಡ್ಕಂಡ್ವಿ. ಯಾರ ಮುಂದೂ ಕೈ ಚಾಚಲಿಲ್ಲ.

ರಾತ್ರಿ ಪಾಳಿ ನರ್ಸ್

ತೋಟದ ಮನೆ ಅವರೇ, ನಿಮ್ಮ ಮನೆಯವರು ಎರಡು ವರ್ಷ ನೋಡ್ಕೊಂಡ್ರು ಅನ್ನೋದಕ್ಕೆ ಕೈ ಮುಗೀತೀನಿ. ಆದ್ರೆ ಆ ‘ನಾವು’ ಅನ್ನೋದರಲ್ಲಿ ಮಗ್ಗುಲು ಬದಲಿಸಿದವರು ಯಾರು, ಬಟ್ಟೆ ಒಗೆದವರು ಯಾರು ಅಂತ ಒಮ್ಮೆ ನೆನಪು ಮಾಡ್ಕೊಳ್ಳಿ. ನಾನು 14 ವರ್ಷದಿಂದ ನೋಡ್ತಿರೋದು ಸೊಸೆಯಂದಿರನ್ನ, ಮದುವೆಯಾಗದ ಹೆಣ್ಣುಮಕ್ಕಳನ್ನ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲಾಂದ್ರೆ ಸೊಂಟದ ಕೆಳಗೆ ಚರ್ಮ ಮೊದಲು ಕೆಂಪಗಾಗುತ್ತೆ, ಆಮೇಲೆ ಕಿತ್ತು ಬರುತ್ತೆ. ಇದನ್ನ ಅವರಿಗೆ ಯಾರೂ ಹೇಳಿಕೊಟ್ಟಿರಲ್ಲ. ಹುಣ್ಣಾದ ಮೇಲೆ “ಸರಿಯಾಗಿ ನೋಡ್ಕೊಂಡಿಲ್ಲ” ಅಂತ ಬಂದವರೆಲ್ಲ ಬೈದು ಹೋಗ್ತಾರೆ.

ಇನ್ನೊಂದು ವಿಷಯ. ಕೊನೆ ಕೊನೆಗೆ ಊಟ ಸೇರದೇ ಇರೋದು ದೇಹದ ಸಹಜ ಗತಿ. ಬಾಯಿಗೆ ತುರುಕಿದ್ರೆ ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ. ತುಟಿ, ನಾಲಿಗೆ ಒದ್ದೆ ಬಟ್ಟೆಯಲ್ಲಿ ಒರೆಸ್ತಾ ಇರಿ, ತುಟಿಗೆ ಸ್ವಲ್ಪ ತುಪ್ಪ ಸವರಿ. ‘ಉಪವಾಸ ಕೆಡವಿ ಕೊಂದ್ವಿ’ ಅನ್ನೋ ಕೊರಗು ಎಷ್ಟೋ ಮಕ್ಕಳಿಗೆ ವರ್ಷಗಟ್ಟಲೆ ಕಾಡುತ್ತೆ. ಅದು ಬೇಡವೇ ಬೇಡ.

ಮಂಡಿಪೇಟೆ ಮಗಳು

ನರ್ಸ್ ಅಕ್ಕ ಹೇಳಿದ ಮೇಲೆ ಹೆಚ್ಚೇನಿಲ್ಲ. ಹಾಸ್ಪಿಸ್ ಬಗ್ಗೆ ಮಾತ್ರ ಹೇಳ್ತೀನಿ, ಅದು ವೃದ್ಧಾಶ್ರಮ ಅಲ್ಲ. ಬೆಂಗಳೂರಿನ ಕರುಣಾಶ್ರಯಕ್ಕೆ ನಾನು ಹೋಗಿದ್ದೆ. 1994ರಲ್ಲಿ ಟ್ರಸ್ಟ್ ಆಗಿ, 1999ರಿಂದ ಕ್ಯಾನ್ಸರ್ ಕೊನೆ ಹಂತದವರನ್ನ ದುಡ್ಡಿಲ್ಲದೆ ನೋಡ್ಕೊಳ್ತಿರೋ ಜಾಗ. ಅಲ್ಲಿ ಒಬ್ಬ ಮಗ ತನ್ನ ತಾಯಿಯ ಮಂಚದ ಪಕ್ಕ ಕೂತು ಕಿತ್ತಳೆ ಸುಲಿದು, ಒಂದೊಂದೇ ತೊಳೆಯ ರಸವನ್ನ ಆಕೆಯ ತುಟಿಗೆ ಹಿಂಡ್ತಿದ್ದ. ಬಿಟ್ಟು ಹೋದ ಮಗ ಅಲ್ಲ ಅವನು. ಗಾಯ ತೊಳೆಯೋದು, ಮಾತ್ರೆ ಲೆಕ್ಕ, ರಾತ್ರಿ ಎಚ್ಚರ ಇದನ್ನೆಲ್ಲ ಬೇರೆಯವರು ಹೊತ್ತಿದ್ದರಿಂದ ಅವನಿಗೆ ಮಗನಾಗಿ ಕೂರೋಕೆ ಪುರುಸೊತ್ತು ಸಿಕ್ಕಿತ್ತು.

ಈಗಿನ ಹಾಸ್ಪಿಸ್ ಪದ್ಧತಿ ಶುರು ಮಾಡಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು, ಬೆನ್ನುನೋವಿಂದ ಅದನ್ನ ಬಿಟ್ಟು ಆಸ್ಪತ್ರೆಯಲ್ಲೇ ಸಮಾಜ ಕಾರ್ಯ ಮಾಡಿದವರು. 1948ರಲ್ಲಿ ಡೇವಿಡ್ ಟಾಸ್ಮಾ ಅನ್ನೋ ಪೋಲೆಂಡಿನ ಒಬ್ಬ ರೋಗಿ, ಹತ್ತಿರದವರು ಯಾರೂ ಇಲ್ಲದ ಮನುಷ್ಯ, ಸಾಯೋ ಮೊದಲು ಅವರಿಗೆ 500 ಪೌಂಡ್ ಬಿಟ್ಟು ಹೋದ. ನೀನು ಕಟ್ಟೋ ಮನೆಗೆ ಕಿಟಕಿ ಆಗಲಿ ಅಂತ. ಅವರು ಆಮೇಲೆ ಡಾಕ್ಟರ್ ಓದಿ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ತೆರೆದ್ರು. ನೋವು ಅಂದ್ರೆ ಮೈನೋವು ಒಂದೇ ಅಲ್ಲ, ಮನಸ್ಸಿನದು, ಸಂಸಾರದ್ದು, ದೇವರ ಜೊತೆಗಿನ ಜಗಳದ್ದೂ ಸೇರಿ ಒಂದೇ ಗಂಟು ಅಂತ ಹೇಳಿಕೊಟ್ಟವರು ಅವರು. ನಮ್ಮ ಅಪ್ಪನ ಆ ನೋವಿನ ಗಂಟಿನಲ್ಲಿ ಹೊಲದ ಬದುವೂ ಇತ್ತಲ್ಲ.

ನಮ್ಮ ಕೆಲಸ ಮಾತ್ರ ಹೆಚ್ಚಿನಂಶ ಮನೆಯಲ್ಲೇ, ಅಣ್ಣ. ನಿಮ್ಮ ತಾತ ಇದ್ದ ಹಾಗೆ ಮನೆಯಲ್ಲೇ ಇರಲಿ ಅಂತಲೇ ನಾವು ಹೋಗೋದು.

ನಿಟುವಳ್ಳಿ ತಮ್ಮ

ಮೇಡಂ, ನಾನು ಈ ಚರ್ಚೆಯನ್ನ ಮೂರು ಸಲ ಓದಿದೆ. ನಮ್ಮ ತಾಯಿ 61 ವರ್ಷ, ಎದೆ ಕ್ಯಾನ್ಸರ್. ಗಡ್ಡೆ ಒಡೆದು ಹುಣ್ಣಾಗಿದೆ. ಹೇಳೋಕೆ ನಾಚಿಕೆ ಆಗುತ್ತೆ, ವಾಸನೆ ತಡೆಯೋಕಾಗ್ತಿಲ್ಲ. ಊದಿನಕಡ್ಡಿ ಹಚ್ಚಿ ಇಟ್ಟಿರ್ತೀವಿ. ಮೊಮ್ಮಕ್ಕಳು ಕೋಣೆಗೆ ಹೋಗಲ್ಲ. ಅಮ್ಮನೇ ಬಾಗಿಲು ಹಾಕ್ಕೊಳ್ತಾರೆ. ರಾತ್ರಿಯೆಲ್ಲ ನರಳ್ತಾರೆ. ಮಾರ್ಫಿನ್ ಅಂದ್ರೆ ಚಟ ಹತ್ತುತ್ತೆ, ಬೇಗ ಜೀವ ಹೋಗುತ್ತೆ ಅಂತ ನಮ್ಮ ಮಾವ ಬೇಡ ಅಂತಿದಾರೆ. ಏನು ಮಾಡಲಿ?

ಮಂಡಿಪೇಟೆ ಮಗಳು

ತಮ್ಮಾ, ನಾಚಿಕೆ ಪಡೋ ವಿಷಯವೇ ಅಲ್ಲ ಇದು. ಆ ವಾಸನೆಗೆ ಕಾರಣ ಹುಣ್ಣಿನಲ್ಲಿ ಬೆಳೆಯೋ ಒಂದು ಬಗೆಯ ಬ್ಯಾಕ್ಟೀರಿಯಾ. ಅದಕ್ಕೆ ಮದ್ದು ಇದೆ, ಸಾಮಾನ್ಯ ಔಷಧಿ ಅಂಗಡಿಯಲ್ಲೇ ಸಿಗುತ್ತೆ. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಲ್ಲಿ ಹುಣ್ಣನ್ನ ಮೆಲ್ಲಗೆ ತೊಳೆದು, ಮೆಟ್ರೊನಿಡಜೋಲ್ ಮಾತ್ರೆಯನ್ನ ನುಣ್ಣಗೆ ಪುಡಿ ಮಾಡಿ ಮೇಲೆ ಉದುರಿಸಿ ಬಟ್ಟೆ ಕಟ್ಟೋದು. ಎಷ್ಟು, ಎಷ್ಟು ಸಲ ಅಂತ ನಮ್ಮ ಡಾಕ್ಟರು ಹುಣ್ಣು ನೋಡಿ ಹೇಳ್ತಾರೆ. ಒಣಗಿ ಅಂಟಿದ ಬಟ್ಟೆಯನ್ನ ಕಿತ್ತು ತೆಗೀಬೇಡಿ, ಅದೇ ನೀರಲ್ಲಿ ನೆನೆಸಿ ಬಿಡಿಸಿ, ಇಲ್ಲಾಂದ್ರೆ ರಕ್ತ ಬರುತ್ತೆ. ಕೆಲವೇ ದಿನದಲ್ಲಿ ವಾಸನೆ ಇಳಿಯೋದನ್ನ ನಾನು ತುಂಬಾ ಮನೆಗಳಲ್ಲಿ ನೋಡಿದೀನಿ. ವಾಸನೆ ಹೋದ್ರೆ ಮೊಮ್ಮಕ್ಕಳು ಒಳಗೆ ಬರ್ತಾರೆ.

ಮಾರ್ಫಿನ್ ವಿಷಯ. ನೋವಿಗೆ ತಕ್ಕಷ್ಟು, ಡಾಕ್ಟರ ಲೆಕ್ಕದಲ್ಲಿ ಕೊಟ್ರೆ ಚಟ ಹತ್ತೋದು ತೀರಾ ಅಪರೂಪ, ಜೀವವನ್ನೂ ಬೇಗ ಒಯ್ಯಲ್ಲ. ಸ್ವಲ್ಪದರಿಂದ ಶುರು ಮಾಡಿ ಏರಿಸ್ತಾರೆ. ಮೊದಲ ದಿನಗಳಲ್ಲಿ ವಾಕರಿಕೆ, ಮಂಪರು ಬರಬಹುದು, ಕಡಿಮೆಯಾಗುತ್ತೆ. ಮಲಬದ್ಧತೆ ಮಾತ್ರ ಕಡಿಮೆ ಆಗಲ್ಲ, ಅದಕ್ಕೇ ಜೊತೆಗೆ ಔಷಧಿ ಕೊಡೋದು. ನೋವು ಬಂದ ಮೇಲೆ ಕೊಡೋದಲ್ಲ, ಬರೋ ಮೊದಲೇ ಹೊತ್ತಿಗೆ ಸರಿಯಾಗಿ ಕೊಡಬೇಕು. ಮಾವನವರನ್ನೂ ಕೂರಿಸಿಕೊಳ್ಳಿ, ನಾನೇ ಮಾತಾಡ್ತೀನಿ. ನಿಮಗೆ ಖಾಸಗಿಯಾಗಿ ಸಂದೇಶ ಕಳಿಸಿದೀನಿ, ನೋಡಿ.

ಔಷಧಿ ಅಂಗಡಿ, ಹರಿಹರ

ಜನ ನಮ್ಮನ್ನ ಕೇಳ್ತಾರೆ, “ಮಾರ್ಫಿನ್ ಯಾಕೆ ಇಟ್ಟಿಲ್ಲ?” ಅಂತ. ಕಾರಣ ಹೇಳ್ತೀನಿ. 1985ರ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ ಪರವಾನಗಿ ಮೇಲೆ ಪರವಾನಗಿ, ಒಂದಕ್ಕೆ ಅವಧಿ ಮುಗಿದ್ರೆ ಇನ್ನೊಂದು ಬಂದಿರಲ್ಲ, ಸಣ್ಣ ತಪ್ಪಿಗೂ ಜೈಲಿನ ಭಯ. ಹಾಗಾಗಿ ಎಷ್ಟೋ ಆಸ್ಪತ್ರೆ, ಅಂಗಡಿಗಳು ಆ ಕಡೆ ತಿರುಗಿಯೂ ನೋಡಲಿಲ್ಲ. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯ್ತು. ಮಾರ್ಫಿನ್ ಸೇರಿ ಕೆಲವನ್ನ ಅತ್ಯಗತ್ಯ ಔಷಧಿ ಅಂತ ಬೇರೆ ಮಾಡಿ, ದೇಶಕ್ಕೆಲ್ಲ ಒಂದೇ ನಿಯಮ, ರಾಜ್ಯದ ಔಷಧ ನಿಯಂತ್ರಕರೇ ಮಾನ್ಯತೆ ಕೊಟ್ರೆ ಸಾಕು ಅಂತ ಮಾಡಿದ್ರು. ಕಾನೂನು ಬದಲಾಯ್ತು, ಹೆದರಿಕೆ ಇನ್ನೂ ಹೋಗಿಲ್ಲ.

ನನಗೆ ಸಂಕಟ ಆಗೋದು ಇದಕ್ಕೆ: ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಸರ್ಕಾರದ ಲೈಸೆನ್ಸ್ ಮೇಲೆ, ಮಾರ್ಫಿನ್ ತಯಾರಾಗೋ ಅಫೀಮು ಬೆಳೀತಾರೆ, ಹೊರದೇಶಕ್ಕೂ ಹೋಗುತ್ತೆ. ಬೆಳೆಯೋ ದೇಶದಲ್ಲೇ ನಮ್ಮವರು ನೋವಲ್ಲಿ ಸಾಯ್ತಾರೆ.

ರಾತ್ರಿ ಪಾಳಿ ನರ್ಸ್

ನಮ್ಮ ದೇಶ ಒಂದೇ ಅಲ್ಲ ಸರ್. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಉಪಶಮನ ಆರೈಕೆ ಬೇಕಾದವರಲ್ಲಿ ಜಗತ್ತಿನಲ್ಲಿ ಸುಮಾರು ಶೇ 14ರಷ್ಟು ಜನರಿಗೆ ಮಾತ್ರ ಸಿಗ್ತಿದೆ. ಕ್ಯಾನ್ಸರ್ ಅಷ್ಟೇ ಅಲ್ಲ. ಕಿಡ್ನಿ, ಹೃದಯ, ಲಕ್ವ ಹೊಡೆದವರು, ಮರೆವಿನ ಕಾಯಿಲೆಯವರು ಎಲ್ಲರಿಗೂ ಬೇಕು.

ನಿವೃತ್ತ ಮೇಷ್ಟ್ರು, ಹೊಳಲ್ಕೆರೆ

ಉಪಶಮನ ಆರೈಕೆ ಬೇರೆ, ದಯಾಮರಣ ಬೇರೆ ಅನ್ನೋದನ್ನ ಒಮ್ಮೆ ಸ್ಪಷ್ಟ ಮಾಡಬೇಕು ಅನ್ನಿಸಿತು. ನಮ್ಮ ಭಾಗದ ಜನಕ್ಕೆ ಈ ಚರ್ಚೆ ಹೊಸದಲ್ಲ. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರು ಘನತೆಯ ಸಾವಿನ ಹಕ್ಕಿಗಾಗಿ ಎರಡು ದಶಕ ಪತ್ರ ಬರೆದು ಹೋರಾಡಿದವರು. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಗುಣವಾಗದ ಸ್ಥಿತಿಯಲ್ಲಿ ಜೀವರಕ್ಷಕ ಯಂತ್ರ ಬೇಡ ಎಂದು ಮೊದಲೇ ಬರೆದಿಡಬಹುದು ಎಂದಿತು. 2023ರಲ್ಲಿ ಆ ವಿಧಾನ ಸರಳವಾಗಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಮುಂದೆ ಮಾಡಿದರೆ ಸಾಕಾಯಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಆದೇಶ ಹೊರಡಿಸಿತು. ಇಂಜೆಕ್ಷನ್ ಕೊಟ್ಟು ಸಾಯಿಸಲು ಇದರಲ್ಲಿ ಅನುಮತಿ ಇಲ್ಲ.

ನಾನು ಬರೆದಿಡಬೇಕೆಂದಿದ್ದೇನೆ. ನನ್ನ ಶ್ರೀಮತಿ ಒಪ್ಪುತ್ತಿಲ್ಲ, ಅಪಶಕುನ ಎನ್ನುತ್ತಾಳೆ. ನಿಮ್ಮ ತಂದೆಯವರ ಎರಡು ಗೆರೆಯ ವಿಷಯವನ್ನು ಇವತ್ತು ಸಂಜೆ ಅವಳಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಊಟವಾದ ಮೇಲೆ “ಆ ಕಾಗದ ಎಲ್ಲಿ ಸಿಗುತ್ತೆ” ಎಂದು ಕೇಳಿದಳು.

ಎಂಎಸ್‌ಡಬ್ಲ್ಯೂ ಎರಡನೇ ವರ್ಷ

ಅಕ್ಕ, ನಮ್ಮಜ್ಜಿ ಹೋದಾಗಿನಿಂದ ನನಗೂ ಈ ಕೆಲಸಕ್ಕೆ ಬರಬೇಕು ಅಂತಿದೆ. ಸಂಬಳ ಸಾಕಾಗುತ್ತಾ? ದಿನಾ ಸಾವು ನೋಡಿ ನೀವು ಹೇಗೆ ತಡ್ಕೊಳ್ತೀರಿ?

ಮಂಡಿಪೇಟೆ ಮಗಳು

ಸಂಬಳ ಅಂಗಡಿಯಲ್ಲಿ ಬರ್ತಿದ್ದಕ್ಕಿಂತ ಕಡಿಮೆ. ಮೊದಲೆರಡು ವರ್ಷ ಅಣ್ಣ ಮನೆ ಬಾಡಿಗೆ ಕಟ್ಟಿದ. ಮೊದಲೇ ತಿಳ್ಕೊಂಡು ಬಾ ತಂಗಿ.

ಭಾರತೀಯ ಉಪಶಮನ ಆರೈಕೆ ಸಂಘದ ಸರ್ಟಿಫಿಕೇಟ್ ಕೋರ್ಸ್ ಡಾಕ್ಟರು, ನರ್ಸ್‌ಗಳಿಗೆ ಇದೆ. ನಮ್ಮಂಥವರಿಗೆ ಕೇರಳದಲ್ಲಿ ಸ್ವಯಂಸೇವಕರ ತರಬೇತಿ ಸಿಗುತ್ತೆ. ಅಲ್ಲಿ 1993ರಲ್ಲಿ ಕೋಳಿಕ್ಕೋಡ್‌ನಲ್ಲಿ ಒಂದು ಕೋಣೆಯಲ್ಲಿ ಶುರುವಾದ ಕೆಲಸ, 2008ಕ್ಕೆ ಸರ್ಕಾರದ ನೀತಿಯೇ ಆಯ್ತು. ಊರಿನವರೇ ತಮ್ಮ ಬೀದಿಯ ಕಾಯಿಲೆಯವರ ಪಟ್ಟಿ ಇಟ್ಕೊಂಡಿರೋದನ್ನ ನಾನು ಕಣ್ಣಾರೆ ಕಂಡೆ. ನಮ್ಮ ಕಡೆ ದುಗ್ಗಮ್ಮನ ಜಾತ್ರೆಗೆ ಬೀದಿ ಬೀದಿಯೇ ಒಂದಾಗೋ ಜನ ನಾವು, ನಮಗೆ ಇದು ಆಗದ ಮಾತಲ್ಲ.

ತಡ್ಕೊಳೋ ವಿಷಯ: ಅಳ್ತೀನಿ. ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಅತ್ತಿದೀನಿ. ಒಂದೇ ವಾರದಲ್ಲಿ ನಾಲ್ಕು ಜನ ಹೋದಾಗ ನಮ್ಮ ಡಾಕ್ಟರು ಮೂರು ದಿನ ರಜೆ ಕೊಟ್ಟು ಮನೆಗೆ ಕಳಿಸಿದ್ರು. ಆದ್ರೆ ದಿನಾ ನೋಡೋದು ಸಾವನ್ನಲ್ಲ. ಹೋದ ತಿಂಗಳು ಹೊನ್ನಾಳಿ ಹತ್ತಿರ ಒಬ್ಬ ಅಜ್ಜ, ನೋವು ಇಳಿದ ಮೇಲೆ ಮೊದಲು ಕೇಳಿದ್ದು ಹಜಾಮರನ್ನ. ಅಂಗಳದಲ್ಲಿ ಕುರ್ಚಿ ಹಾಕಿಸಿ ಗಡ್ಡ ಮಾಡಿಸ್ಕೊಂಡು, ಕನ್ನಡಿ ಹಿಡಿದು ಎಡಕ್ಕೆ ಬಲಕ್ಕೆ ಮುಖ ತಿರುಗಿಸಿ ನೋಡ್ಕೊಂಡ್ರು. ದಿನಾ ನೋಡೋದು ಇಂಥದ್ದನ್ನ.

ತೋಟದ ಮನೆ, ಚನ್ನಗಿರಿ

ರಾತ್ರಿಯೆಲ್ಲ ಯೋಚನೆ ಮಾಡಿದೆ. ನಮ್ ತಾತನ್ನ ನೋಡ್ಕಂಡಿದ್ದು ನಮ್ ಚಿಕ್ಕಮ್ಮ. ಆಯಮ್ಮಂಗೆ ಆಗ ಬೆನ್ನು ಹಿಡ್ಕಂಡಿದ್ದು ಇವತ್ತಿಗೂ ಸರಿ ಹೋಗಿಲ್ಲ. ಬೆಳಿಗ್ಗೆ ಫೋನ್ ಮಾಡಿ ಮಾತಾಡಿದೆ. ನಮ್ ಮನೆ ಅಟ್ಟದ ಮ್ಯಾಲೆ ತಾತಂಗೆ ಕೊನೆಗೆ ತಂದಿದ್ದ ಗಾಳಿ ಹಾಸಿಗೆ ಐತೆ, ಪಂಪು ಸಮೇತ. ಯಾರಿಗಾದ್ರೂ ಬೇಕಾ?

ನಿಟುವಳ್ಳಿ ತಮ್ಮ

ಅಣ್ಣ, ನಮಗೆ ಬೇಕು. ಮೇಡಂ ಮೊನ್ನೆ ಬಂದಿದ್ರು, ನಮ್ಮ ಮಾವನ ಜೊತೆ ಒಂದು ಗಂಟೆ ಕೂತು ಮಾತಾಡಿದ್ರು. ಮಾತ್ರೆ ಶುರು ಮಾಡಿದೀವಿ. ಹುಣ್ಣು ತೊಳೆಯೋದು ನನ್ನ ಹೆಂಡತಿ ಕಲಿತಳು, ನಾನೂ ಕಲಿತೆ. ನೋಟ್‌ಬುಕ್‌ನಲ್ಲಿ ನಿನ್ನೆ ರಾತ್ರಿ ಎರಡೇ ವೇಳೆ ಇದೆ. ಮೊನ್ನೆ ಒಂಬತ್ತಿತ್ತು.

ಮಂಡಿಪೇಟೆ ಮಗಳು

ಎರಡೂ ವೇಳೆ ಯಾವುದು ಅಂತ ಕಳಿಸು ತಮ್ಮಾ, ಮಾತ್ರೆಯ ಹೊತ್ತು ಹೊಂದಿಸೋಕೆ ಡಾಕ್ಟರಿಗೆ ತೋರಿಸ್ತೀನಿ. ಚನ್ನಗಿರಿ ಅಣ್ಣ, ಹಾಸಿಗೆಗೆ ಗಾಳಿ ತುಂಬಿಸಿ ಒಂದು ರಾತ್ರಿ ಹಾಗೇ ಬಿಡಿ, ಎಲ್ಲಾದ್ರೂ ಸೋರುತ್ತಾ ನೋಡಿ.

ತೋಟದ ಮನೆ, ಚನ್ನಗಿರಿ

ತುಂಬಿಸಿ ಇಟ್ಟೀನಿ. ಒಂದು ಕಡೆ ಸಣ್ಣಗೆ ಸೋರ್ತಿತ್ತು, ಪಂಚರ್ ಅಂಗಡಿಯವನ ಹತ್ರ ಪ್ಯಾಚ್ ಹಾಕಿಸ್ದೆ. ಬುಧವಾರ ಅಡಿಕೆ ಲೋಡ್ ದಾವಣಗೆರೆಗೆ ಬರ್ತದೆ, ಅದ್ರಾಗೆ ಕಳಿಸ್ತೀನಿ. ನಿಟುವಳ್ಳಿಲಿ ಎಲ್ಲಿ ಇಳಿಸ್ಬೇಕು ಹೇಳಪ್ಪ.